ಹೂವಿನ ತಪ್ಪಿಗೆ ನಾರಿಗೆ ಶಿಕ್ಷೆ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮೂರ ಹಳ್ಳದ ಮಡುವಿನಿಂದ ಒಂದು ನಾತ ಏಳುತ್ತಿತ್ತು. ಹೊಲದ ಅಂಚಿನುದ್ದಕ್ಕೂ ಆಳೆತ್ತರ ಬೆಳೆದ ಪುಂಡಿ ಗಿಡಗಳನ್ನು ಕಿತ್ತು, ಎಲೆ ಉದುರಿಸಿ, ಸಿವುಡು ಕಟ್ಟಿ, ಮೇಲೆ ಕಲ್ಲು ಹೇರಿ ಅಜ್ಜ ಆ ಮಡುವಿನಲ್ಲಿ ಮುಳುಗಿಸಿಡುತ್ತಿದ್ದ. ಹತ್ತು ಹನ್ನೆರಡು ದಿನಕ್ಕೆ ಸಿಪ್ಪೆ ಕೊಳೆತು ಸಡಿಲಾಗುತ್ತಿತ್ತು. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದೇ ಕಡ್ಡಿಯ ಬುಡ ಹಿಡಿದು ಸರ್ರನೆ ಎಳೆದರೆ, ಬೆಳ್ಳಗಿನ ಉದ್ದನೆಯ ಎಳೆಗಳು ಒಂದು ಕೈಗೆ, ಬೋಳು ಕಡ್ಡಿ ಇನ್ನೊಂದು ಕೈಗೆ. ಮೂಗು ಮುಚ್ಚಿಕೊಂಡು ದಂಡೆಯ ಮೇಲೆ ಕೂತಿದ್ದ ನಾನು, "ಯಜ್ಜಾ, ಇಷ್ಟ್ಯಾಕ ನಾರತೈತಿ?" ಅಂದರೆ ಅಜ್ಜ ತಲೆ ಎತ್ತದೆ ಹೇಳುತ್ತಿದ್ದ: "ನಾರು ಬೇಕಂದ್ರ ನಾರೋದು ತಾಳ್ಕೋಬೇಕೋ ತಮ್ಮಾ." ಆ ನಾರೇ ಒಣಗಿ, ಹೊಸೆದು, ಎತ್ತಿನ ಕಣ್ಣಿಯಾಗಿ, ಬಾವಿಯ ಹಗ್ಗವಾಗಿ, ಹೊರಸಿನ ನುಲಿಯಾಗಿ ವರ್ಷವಿಡೀ ಮನೆಯಲ್ಲಿ ಇರುತ್ತಿತ್ತು. ಅದೇ ಗಿಡದ ಎಳೆ ಸೊಪ್ಪು ಜೋಳದ ರೊಟ್ಟಿಗೆ ಪಲ್ಲೆ.

ಎಷ್ಟೋ ವರ್ಷಗಳ ನಂತರ ಒಂದು ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಪುಂಡಿಯ ಚಿತ್ರ ಕಂಡೆ. ಕೆಳಗೆ ಬರೆದಿದ್ದ ಹೆಸರು 'ಡೆಕ್ಕನ್ ಹೆಂಪ್'. ಗದ್ದೆಗೆ ಹಸಿರೆಲೆ ಗೊಬ್ಬರವೆಂದು ಬಿತ್ತುವ ಅಪ್ಸೆಣಬಿಗೆ 'ಸನ್ ಹೆಂಪ್'. ಫಿಲಿಪ್ಪೀನ್ಸ್‌ನಲ್ಲಿ ಬೆಳೆಯುವ, ಬಾಳೆಯ ಬಳಗದ ಒಂದು ಗಿಡಕ್ಕೆ 'ಮನಿಲಾ ಹೆಂಪ್'. ಲೋಕದಲ್ಲಿ ಎಲ್ಲೆಲ್ಲಿ ಹಗ್ಗಕ್ಕೆ ಒದಗುವ ನಾರು ಕಂಡಿತೋ ಅದಕ್ಕೆಲ್ಲ ಹೆಂಪ್ ಎಂದು ಹೆಸರಿಡಬೇಕಾದರೆ, ಆ ಮೂಲ ಹೆಂಪ್ ಇಂಗ್ಲಿಷರ ಬದುಕಿನಲ್ಲಿ ಎಷ್ಟು ದೊಡ್ಡದಿದ್ದಿರಬೇಕು! ಹಡಗಿನ ಹಾಯಿ, ಲಂಗರಿನ ಹಗ್ಗ, ಮೀನಿನ ಬಲೆ, ದುಡಿಯುವವರ ಅಂಗಿ ಎಲ್ಲವೂ ಅದರದ್ದೇ. ಚಿತ್ರ ಬರೆಯುವ ಕ್ಯಾನ್ವಾಸ್ ಎಂಬ ಬಟ್ಟೆಯ ಹೆಸರು ಹುಟ್ಟಿದ್ದೇ ಆ ಗಿಡದ ಕ್ಯಾನಬಿಸ್ ಎಂಬ ಹೆಸರಿನಿಂದ.

ಆ ಗಿಡ ನಮಗೇನೂ ಹೊಸದಲ್ಲ. ನಮ್ಮ ಕಡೆ ಅದಕ್ಕೆ ಭಂಗಿ ಎನ್ನುತ್ತಾರೆ. ಎಳ್ಳಿನ ಹೊಲ, ಉದ್ದಿನ ಹೊಲ, ಅಗಸೆಯ ಹೊಲಕ್ಕೆ ಪದ ಕಟ್ಟುವ ಸೂತ್ರದಲ್ಲೇ ಪಾಣಿನಿ ಭಂಗಾ ಬೆಳೆಯುವ ಹೊಲಕ್ಕೂ ಪದ ಕಟ್ಟುವುದನ್ನು ಹೇಳಿದ್ದಾನೆ. ಭಂಗ್ಯ ಅಥವಾ ಭಾಂಗೀನ. ವ್ಯಾಕರಣಕಾರನೊಬ್ಬ ಎಳ್ಳು ಉದ್ದಿನ ಸಾಲಿನಲ್ಲಿ ಕೂರಿಸಬೇಕಾದರೆ ಅದು ಕದ್ದುಮುಚ್ಚಿ ಬೆಳೆಯುವ ಗಿಡವಾಗಿರಲಿಲ್ಲ. ಬಿತ್ತಿ, ಕೊಯ್ದು, ಮನೆ ತುಂಬಿಸಿಕೊಳ್ಳುವ ಬೆಳೆಯಾಗಿತ್ತು.

ಇವತ್ತು ಆ ಹೆಸರು ಎತ್ತಿದರೆ ಮೊದಲು ನೆನಪಾಗುವುದು ಪೊಲೀಸರು. ಅದಕ್ಕೆ ಕಾರಣವೂ ಇದೆ. ಗಾಂಜಾ ಮತ್ತು ಕೈಗಾರಿಕೆಗೆ ಬೆಳೆಯುವ ಹೆಂಪ್ ಎರಡೂ ಒಂದೇ ಜಾತಿಯ ಗಿಡ. ಇಬ್ಬರು ಅಣ್ಣತಮ್ಮಂದಿರಿದ್ದ ಹಾಗೆ, ಮುಖ ಒಂದೇ, ನಡತೆ ಬೇರೆ. ನಶೆ ಏರಿಸುವ ಟಿಎಚ್‌ಸಿ ಎಂಬ ರಾಸಾಯನಿಕ ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ ಹೆಚ್ಚಾಗಿ ಶೇಖರವಾಗುತ್ತದೆ. ನಶೆಗೆಂದೇ ಬೆಳೆಸಿದ ಗಿಡದ ಹೂವಿನಲ್ಲಿ ಅದು ಶೇ 10, 20ರವರೆಗೂ ಇರುತ್ತದೆ. ಕೈಗಾರಿಕಾ ಹೆಂಪ್ ಎನಿಸಿಕೊಳ್ಳಬೇಕಾದರೆ ಶೇ 0.3ನ್ನು ದಾಟುವಂತಿಲ್ಲ. ಅಮೆರಿಕ, ಯುರೋಪ್ ಒಕ್ಕೂಟ, ನಮ್ಮ ಉತ್ತರಾಖಂಡ ಮೂರೂ ಕಡೆ ಇದೇ ಗೆರೆ. ಇಷ್ಟು ಕಡಿಮೆ ಇದ್ದರೆ ಚೀಲಗಟ್ಟಲೆ ಸೇದಿದರೂ ತಲೆನೋವು ಬಂದೀತೇ ಹೊರತು ನಶೆ ಏರುವುದಿಲ್ಲ. ಇನ್ನು ನಾರು ಇರುವುದು ದಂಟಿನ ಸಿಪ್ಪೆಯಲ್ಲಿ. ಹೂವಿನ ಅಂಟಿಗೂ ಸಿಪ್ಪೆಯ ಎಳೆಗೂ ಯಾವ ವ್ಯವಹಾರವೂ ಇಲ್ಲ.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎನ್ನುತ್ತೇವೆ. ಈ ಗಿಡದ ಪಾಲಿಗೆ ಹೂವಿನ ದೆಸೆಯಿಂದ ನಾರು ಸೆರೆಗೆ ಹೋಯಿತು. ಆ ನಾರಿನ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನದಿಂದ ಅನಿಸುತ್ತಿತ್ತು. ಹಾಗೆಂದು ಅದರ ಹೆಸರಿನಲ್ಲಿ ಹರಿದಾಡುವ ಉತ್ಪ್ರೇಕ್ಷೆಗಳನ್ನು ನಾನು ಹೊರುವುದಿಲ್ಲ. ನೀರೇ ಬೇಡ, ಗೊಬ್ಬರವೇ ಬೇಡ, ಕೀಟವೇ ಬರುವುದಿಲ್ಲ, ಇಪ್ಪತ್ತೈದು ಸಾವಿರ ವಸ್ತು ಮಾಡಬಹುದು ಎಂಬ ಮಾತುಗಳನ್ನು ಕೇಳಿ ಸಾಲ ಮಾಡಿ ಬೆಳೆ ಹಾಕುವವನು ರೈತ. ನಷ್ಟವಾದಾಗ ಆ ಮಾತು ಹೇಳಿದವರು ಅವನ ಹೊಲದ ಹತ್ತಿರ ಸುಳಿಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಈ ಗಿಡದ ಗುಣ ಕಡಿಮೆಯೇನಿಲ್ಲ.

ಒಂದು ಹೆಂಪ್ ದಂಟನ್ನು ಅಡ್ಡ ಕತ್ತರಿಸಿ ನೋಡಿ. ಹೊರಗೆ ತೆಳು ತೊಗಟೆ, ಅದಕ್ಕಂಟಿದ ನಾರಿನ ಪದರ, ಒಳಗೆ ಕಟ್ಟಿಗೆಯಂಥ ಹಗುರ ಬೆಂಡು, ನಟ್ಟನಡುವೆ ಟೊಳ್ಳು. ತೂಕ ಮಾಡಿದರೆ ನಾಲ್ಕರಲ್ಲಿ ಒಂದು ಪಾಲು ನಾರು, ಮೂರು ಪಾಲು ಬೆಂಡು. ನಾರು ಬಟ್ಟೆಗೆ, ಹಗ್ಗಕ್ಕೆ, ಒಳ್ಳೆಯ ಕಾಗದಕ್ಕೆ, ಕಾರಿನ ಒಳಹಲಗೆಗೆ. ಬೆಂಡು ಗೋಡೆಗೆ, ದನಕುದುರೆಗಳ ಹಾಸಿಗೆಗೆ. ಒಂದು ಚೂರೂ ಎಸೆಯುವಂಥದ್ದಿಲ್ಲ.

ಇದನ್ನು ನಾರಿಗಾಗಿ ಬಿತ್ತುವಾಗ ಒತ್ತೊತ್ತಾಗಿ ಬಿತ್ತುತ್ತಾರೆ, ಚದರ ಮೀಟರಿಗೆ ನೂರಕ್ಕೂ ಹೆಚ್ಚು ಗಿಡ. ದಟ್ಟವಾದಷ್ಟೂ ಗಿಡ ಕವಲೊಡೆಯದೆ ಬೆಳಕಿಗಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ದಂಟು ನೆಟ್ಟಗಾಗುತ್ತದೆ, ನಾರು ಉದ್ದವಾಗುತ್ತದೆ. ಕೆಲವೇ ವಾರಗಳಲ್ಲಿ ನೆಲಕ್ಕೆ ಬಿಸಿಲು ಬೀಳದಂತೆ ಚಪ್ಪರ ಹಾಕಿಬಿಡುವುದರಿಂದ ಕಳೆ ತಲೆ ಎತ್ತುವುದಿಲ್ಲ. ಎಡೆಕುಂಟೆ ಹೊಡೆಯುವ, ಕಳೆ ಕೀಳುವ, ಕಳೆನಾಶಕ ಸಿಂಪಡಿಸುವ ಖರ್ಚು ಅಲ್ಲಿಗೆ ಉಳಿಯಿತು. ನನ್ನ ಲೆಕ್ಕದಲ್ಲಿ ಹೊಲದ ಮಟ್ಟಿಗೆ ಹೆಂಪ್‌ನ ಅತಿ ದೊಡ್ಡ ಉಪಕಾರ ಇದೇ. ಬೇರು ಆಳಕ್ಕೆ ಇಳಿದು ಗಟ್ಟಿ ಮಣ್ಣನ್ನು ಸಡಿಲಿಸುತ್ತದೆ. ಮೂರರಿಂದ ನಾಲ್ಕು ತಿಂಗಳಿಗೆ ಕೊಯ್ಲು ಮುಗಿದು ಮುಂದಿನ ಬೆಳೆಗೆ ಸ್ವಚ್ಛವಾದ ಹೊಲ ಸಿಗುತ್ತದೆ. ಯುರೋಪಿನ ರೈತರು ಗೋಧಿಗೆ ಮುಂಚೆ ಇದನ್ನು ಹಾಕುವುದು ಈ ಕಾರಣಕ್ಕೂ ಹೌದು. ಆದರೆ ಗೊಬ್ಬರ ಬೇಡವೆಂಬುದು ಸುಳ್ಳು. ಮೂರು ತಿಂಗಳಲ್ಲಿ ಎರಡಾಳೆತ್ತರ ಬೆಳೆಯುವ ಗಿಡ ಸಾರಜನಕವನ್ನು ಚೆನ್ನಾಗಿಯೇ ಉಣ್ಣುತ್ತದೆ. ಬೂದಿ ಬೂಷ್ಟೂ ಬರುತ್ತದೆ, ಕಾಂಡ ಕೊರೆಯುವ ಹುಳವೂ ಬರುತ್ತದೆ. ಹತ್ತಿಗೆ ಬರುವಷ್ಟು ಬರುವುದಿಲ್ಲ, ಅಷ್ಟೇ.

ಇಂಗಾಲದ ವಿಷಯ. ಒಂದು ಹೆಕ್ಟೇರ್ ಹೆಂಪ್ 9ರಿಂದ 15 ಟನ್ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ ಎಂದು ಯುರೋಪಿಯನ್ ಕಮಿಷನ್ ಹೇಳುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತೆಂದು ನಾವೇ ಲೆಕ್ಕ ಹಾಕಬಹುದು. ಹೆಕ್ಟೇರಿಗೆ 8 ಟನ್ ಒಣ ದಂಟು ಬಂತು ಎಂದುಕೊಳ್ಳಿ. ಒಣ ಸಸ್ಯದ ತೂಕದಲ್ಲಿ ಹತ್ತಿರ ಹತ್ತಿರ ಶೇ 45 ಇಂಗಾಲ, ಅಂದರೆ 3.6 ಟನ್. ಒಂದು ಟನ್ ಇಂಗಾಲ ಗಾಳಿಯಲ್ಲಿದ್ದಾಗ ಸುಮಾರು 3.67 ಟನ್ ಡೈಆಕ್ಸೈಡ್. ಗುಣಿಸಿದರೆ 13 ಟನ್. ಮರಗಳ ಎಳೆಯ ತೋಪೊಂದು ವರ್ಷದಲ್ಲಿ ಮಾಡುವ ಕೆಲಸವನ್ನು ಈ ಗಿಡ ಒಂದು ಹಂಗಾಮಿನಲ್ಲಿ ಮಾಡುತ್ತದೆ. ಆದರೆ ಹೀರಿದ್ದು ಎಷ್ಟು ಕಾಲ ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ದಂಟನ್ನು ಒಲೆಗೆ ಹಾಕಿದರೆ ಸಂಜೆಯೊಳಗೆ ಅಷ್ಟೂ ಗಾಳಿಗೆ ವಾಪಸ್. ಬಟ್ಟೆಯಾದರೆ ಹತ್ತು ವರ್ಷ ಉಳಿದೀತು. ಗೋಡೆಯೊಳಗೆ ಸೇರಿದರೆ ಮನೆ ನಿಂತಿರುವಷ್ಟು ಕಾಲ. ಗೋಡೆಯ ಕಥೆಗೆ ಆಮೇಲೆ ಬರುತ್ತೇನೆ.

ನೀರಿನ ಹೋಲಿಕೆ ಹತ್ತಿಯ ಜೊತೆ. ಒಂದು ಕಿಲೋ ಅರಳೆಗೆ ಜಗತ್ತಿನ ಸರಾಸರಿ ತೆಗೆದರೆ ಸುಮಾರು 10,000 ಲೀಟರ್ ನೀರು ಬೇಕು. ಸ್ಟಾಕ್‌ಹೋಮ್ ಪರಿಸರ ಸಂಸ್ಥೆ 2005ರಲ್ಲಿ ಹತ್ತಿ, ಹೆಂಪ್, ಪಾಲಿಯೆಸ್ಟರ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೆಂಪ್‌ಗೆ ಬೇಕಾದದ್ದು ಹತ್ತಿಯ ಮೂರನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು. ರಾಯಚೂರು, ಯಾದಗಿರಿ ಕಡೆ ಹತ್ತಿ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು ವಾರಕ್ಕೊಮ್ಮೆ ಔಷಧಿ ಹೊಡೆಯುವ ಹುಡುಗರನ್ನು ನೋಡಿದವರಿಗೆ ಈ ಹೋಲಿಕೆ ಬರೀ ಅಂಕಿಯಾಗಿ ಕಾಣುವುದಿಲ್ಲ. ಕಡಿಮೆ ನೀರು, ಕಡಿಮೆ ವಿಷದಲ್ಲಿ ಬರುವ ನಾರು ಯಾವುದೇ ಇರಲಿ, ಅದನ್ನು ಬಾಗಿಲಲ್ಲೇ ನಿಲ್ಲಿಸುವುದು ನಮಗೆ ಸಲ್ಲದು.

ಆದರೂ ಹತ್ತಿಗಿರುವ ಒಂದು ಅನುಕೂಲ ಹೆಂಪ್‌ಗೆ ಇಲ್ಲ. ಹತ್ತಿ ಬಿಡಿಸಿದ ಕೂಡಲೇ ಅರಳೆ. ಹೆಂಪ್ ಕೊಯ್ದ ಮೇಲೆ ಅಜ್ಜ ಪುಂಡಿಗೆ ಮಾಡಿದ್ದನ್ನೆಲ್ಲ ಮಾಡಬೇಕು. ಸಿಪ್ಪೆಯ ನಾರನ್ನು ಬೆಂಡಿಗೆ ಅಂಟಿಸಿರುವುದು ಪೆಕ್ಟಿನ್ ಎಂಬ ಗೋಂದಿನಂಥ ಪದಾರ್ಥ. ಅದನ್ನು ತಿಂದು ಬಿಡಿಸುವವು ಬ್ಯಾಕ್ಟೀರಿಯಾ, ಶಿಲೀಂಧ್ರಗಳು. ನೀರಿನಲ್ಲಿ ಕೊಳೆಸಿದರೆ ನಾರು ನಯವಾಗುತ್ತದೆ, ಆದರೆ ಆ ನೀರಿನ ಆಮ್ಲಜನಕವೆಲ್ಲ ಖಾಲಿಯಾಗಿ ಮೀನು ಸಾಯುತ್ತವೆ. ನಮ್ಮ ಹಳ್ಳದ ನಾತಕ್ಕೆ ಕಾರಣ ಅದೇ. ಯುರೋಪಿನಲ್ಲಿ ಈಗ ಹೆಚ್ಚಾಗಿ ದಂಟನ್ನು ಕೊಯ್ದು ಹೊಲದಲ್ಲೇ ಹರವಿಬಿಡುತ್ತಾರೆ. ಕೆಲವು ವಾರ ಇಬ್ಬನಿ, ಬಿಸಿಲು, ಮಗ್ಗಲು ಬದಲಿಸುವ ಟ್ರ್ಯಾಕ್ಟರು ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮಡು ಕೆಡುವುದಿಲ್ಲ. ಬಟ್ಟೆಗೆಂದು ಹತ್ತಿ ಗಿರಣಿಯ ಯಂತ್ರದಲ್ಲಿ ನೂಲಬೇಕಾದರೆ ಉದ್ದನೆಯ ನಾರನ್ನು ಕ್ಷಾರದಲ್ಲಿ ಹದಮಾಡಿ, ಕತ್ತರಿಸಿ, ಹತ್ತಿಯಷ್ಟು ಗಿಡ್ಡ ಮತ್ತು ಮೃದು ಮಾಡಬೇಕು. ಆ ಹಂತದಲ್ಲಿ ರಾಸಾಯನಿಕವೂ ಬೇಕು, ಶಕ್ತಿಯೂ ಬೇಕು. ಹೆಂಪ್ ಅಂಗಿ ದುಬಾರಿ ಏಕೆಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಈಗ ಗೋಡೆಯ ಕಥೆ. ಇದು ನನಗೆ ಎಲ್ಲಕ್ಕಿಂತ ಇಷ್ಟದ್ದು.

ಎಲ್ಲೋರದ ಗುಹೆಗಳ ಒಳಗೋಡೆಗೆ ಮೆತ್ತಿದ ಮಣ್ಣುಗಾರೆಯ ಚೂರುಗಳನ್ನು ಭಾರತೀಯ ಪುರಾತತ್ವ ಇಲಾಖೆಯಲ್ಲಿದ್ದ ರಾಜದೇವ್ ಸಿಂಗ್ ಮತ್ತು ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ.ಎಂ. ಸರ್‌ದೇಸಾಯಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಜೇಡಿ ಮತ್ತು ಸುಣ್ಣದ ನಡುವೆ ಅವರಿಗೆ ಸಿಕ್ಕಿದ್ದು ಭಂಗಿ ಗಿಡದ ಚೂರುಗಳು, ಗಾರೆಯಲ್ಲಿ ಸುಮಾರು ಶೇ 10. 2016ರಲ್ಲಿ ಅದು ಪ್ರಕಟವಾಯಿತು. ಹದಿನೈದು ಶತಮಾನ ಕಳೆದರೂ ಆ ಗಾರೆಗೆ ಹುಳ ಬಿದ್ದಿಲ್ಲ. ಅಲ್ಲಿಂದ ಬಹಳ ದೂರವೇನಿಲ್ಲದ ಅಜಂತಾದ ಗಾರೆಯಲ್ಲಿ ಭಂಗಿ ಇಲ್ಲ, ಅಲ್ಲಿ ಕಾಲು ಭಾಗದಷ್ಟು ಚಿತ್ರಗಳು ಹುಳದ ಹಾವಳಿಯಿಂದ ಹಾಳಾಗಿವೆ. ಕಾರಣ ಭಂಗಿಯೇ ಇರಬೇಕೆಂದು ಆ ಇಬ್ಬರ ತೀರ್ಮಾನ. ಎಲ್ಲೋರ ಎಂದರೆ ಕನ್ನಡಿಗರಿಗೆ ಬೇರೆಯವರ ಊರಲ್ಲ. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸವನ್ನು ನಿಲ್ಲಿಸಿದವರು ರಾಷ್ಟ್ರಕೂಟರು, ಒಂದನೇ ಕೃಷ್ಣನ ಕಾಲ. ಅದೇ ಮನೆತನ ಮುಂದೆ ರಾಜಧಾನಿ ಮಾಡಿಕೊಂಡದ್ದು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು. ಯಾವ ಗುಹೆಯ ಗಾರೆಯನ್ನು ಯಾವ ಕೈ ಕಲಸಿತೋ, ದಖ್ಖನ್ನಿನ ಗಾರೆ ಕೆಲಸದವರಿಗೆ ಈ ಗಿಡದ ಗುಣ ಗೊತ್ತಿತ್ತು ಎಂಬುದಂತೂ ಗೋಡೆಯ ಮೇಲೆಯೇ ಉಳಿದಿದೆ.

ಅದೇ ತಿಳಿವಳಿಕೆ ಯುರೋಪಿನಲ್ಲಿ 1980ರ ದಶಕದಲ್ಲಿ ಬೇರೆ ದಾರಿಯಿಂದ ಬಂತು. ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದಲ್ಲಿ ಮರದ ಚೌಕಟ್ಟಿನ ಹಳೇ ಮನೆಗಳ ಗೋಡೆಗೆ ಸಿಮೆಂಟ್ ತುಂಬಿದಾಗ ತೇವ ಹೊರಹೋಗಲಾರದೆ ಮರ ಕೊಳೆಯತೊಡಗಿತು. ದುರಸ್ತಿ ಮಾಡುವವರು ಹೆಂಪ್ ಬೆಂಡಿನ ಚೂರಿಗೆ ಸುಣ್ಣ ಕಲಸಿ ತುಂಬಿ ನೋಡಿದರು. ಗೋಡೆ ಉಸಿರಾಡಿತು, ಮರ ಉಳಿಯಿತು. ಇಂದು ಅದಕ್ಕೆ ಹೆಂಪ್‌ಕ್ರೀಟ್ ಎಂದು ಹೆಸರು. ಮಾಡುವ ವಿಧಾನ ನಮ್ಮ ಯಾವ ಗಾರೆ ಮೇಸ್ತ್ರಿಗೂ ಐದು ನಿಮಿಷದಲ್ಲಿ ತಿಳಿಯುವಂಥದ್ದು: ಬೆಂಡಿನ ಚೂರು, ಸುಣ್ಣ, ನೀರು ಕಲಸಿ ಹಲಗೆ ಅಚ್ಚಿನ ನಡುವೆ ಹಾಕಿ ಮೆತ್ತಗೆ ಒತ್ತಿ, ಅಚ್ಚು ಬಿಚ್ಚಿ ಒಣಗಲು ಬಿಡುವುದು. ಮಣ್ಣಿನ ಗೋಡೆಗೆ ಭತ್ತದ ಹೊಟ್ಟು ಕಲಸುತ್ತಿದ್ದ ನಮ್ಮ ಹಿರಿಯರ ಕೈಗೆ ಇದು ಹೊಸ ವಿದ್ಯೆ ಅನಿಸುತ್ತಿರಲಿಲ್ಲ.

ಅಂಥ ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದಾಗ ಮೊದಲು ಗಾಬರಿಯಾಗುತ್ತದೆ, ಇಷ್ಟು ಹಗುರವೇ ಎಂದು. ಕಾಂಕ್ರೀಟ್ ಒಂದು ಘನ ಮೀಟರಿಗೆ 2,400 ಕಿಲೋ ತೂಗಿದರೆ ಇದು 300ರಿಂದ 400. ಹತ್ತಿರದಿಂದ ನೋಡಿದರೆ ಸುಣ್ಣದ ಬಿಳಿಪೊರೆ ಹೊದ್ದ ಸಣ್ಣ ಸಣ್ಣ ಕಡ್ಡಿಚೂರುಗಳು, ನಡುವೆ ಗಾಳಿಯ ಸಂದುಗಳು. ಆ ಗಾಳಿಯೇ ಬಿಸಿಲನ್ನು ತಡೆಯುವುದು. ಸುಣ್ಣದ ಕ್ಷಾರಕ್ಕೆ ಬೂಷ್ಟು, ಗೆದ್ದಲು ಹತ್ತಿರ ಬರುವುದು ಕಷ್ಟ. ಬೆಂಕಿ ಹಿಡಿದರೂ ಮೇಲ್ಮೈ ಕಪ್ಪಾಗುತ್ತದೆಯೇ ಹೊರತು ಧಗ್ಗನೆ ಉರಿಯುವುದಿಲ್ಲ. ಸುಣ್ಣ ಸುಡುವಾಗ ಬಿಟ್ಟ ಡೈಆಕ್ಸೈಡಿನ ಒಂದು ಭಾಗವನ್ನು ಗೋಡೆ ಗಟ್ಟಿಯಾಗುತ್ತ ವಾಪಸ್ ಹೀರುತ್ತದೆ, ಬೆಂಡಿನೊಳಗಿನ ಇಂಗಾಲ ಅಲ್ಲಿಯೇ ಕೂರುತ್ತದೆ. ಜಗತ್ತಿನ ಒಟ್ಟು ಡೈಆಕ್ಸೈಡಿನಲ್ಲಿ ಶೇ 7, 8ರಷ್ಟು ಸಿಮೆಂಟ್ ಒಂದರಿಂದಲೇ ಬರುತ್ತಿರುವಾಗ ಇದು ಸಣ್ಣ ಮಾತಲ್ಲ. ಒಂದು ಕೊರತೆಯನ್ನು ಮರೆಮಾಚುವಂತಿಲ್ಲ: ಇದು ಭಾರ ಹೊರುವುದಿಲ್ಲ. ಮರದ್ದೋ ಉಕ್ಕಿನದ್ದೋ ಕಂಬ, ತೊಲೆ ಬೇಕೇ ಬೇಕು. ಇದು ನಡುವೆ ತುಂಬುವ ಗೋಡೆ ಮಾತ್ರ. ಉತ್ತರಾಖಂಡದ ಪೌಡಿ ಗಢವಾಲ್ ಜಿಲ್ಲೆಯ ಯಮಕೇಶ್ವರದ ಬಳಿ 2021ರ ಹೊತ್ತಿಗೆ ಇಂಥದ್ದೊಂದು ಮನೆ ಎದ್ದು ನಿಂತಿದೆ, ಆ ಬೆಟ್ಟದ ಹೆಂಪ್‌ನಿಂದಲೇ.

ಆ ಬೆಟ್ಟಗಳಲ್ಲಿ ಈ ಗಿಡ ಹಿತ್ತಲಿನದ್ದು. ಕುಮಾವೂಂ ಕಡೆಯ ಅಡುಗೆಮನೆಯಲ್ಲಿ ಇದರ ಬೀಜದ ಚಟ್ನಿ ಇಲ್ಲದೆ ಚಳಿಗಾಲ ಕಳೆಯುವುದಿಲ್ಲ. ಬೀಜವನ್ನು ಬಾಣಲೆಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ಜೊತೆ ಕಲ್ಲಿನ ಮೇಲೆ ಅರೆದು, ದೊಡ್ಡ ನಿಂಬೆಯ ರಸ ಹಿಂಡುತ್ತಾರೆ. ನನಗೆ ಅದು ನಮ್ಮ ಅಗಸೆ ಚಟ್ನಿ, ಗುರೆಳ್ಳು ಚಟ್ನಿಗಳ ಅಕ್ಕನಂತೆ ಕಂಡಿತು. ಹುರಿದ ಎಣ್ಣೆಬೀಜದ ಅದೇ ಘಮ, ಹಲ್ಲಿಗೆ ಸಿಗುವ ಅದೇ ಸಣ್ಣ ಸಿಪ್ಪೆ. ಬೀಜದಲ್ಲಿ ನಶೆ ಇಲ್ಲ. ಮೂರನೇ ಒಂದು ಪಾಲು ಎಣ್ಣೆ, ನಾಲ್ಕನೇ ಒಂದು ಪಾಲು ಪ್ರೋಟೀನ್. ಒಮೆಗಾ-6 ಮತ್ತು ಒಮೆಗಾ-3 ಕೊಬ್ಬುಗಳು ಸುಮಾರು ಮೂರಕ್ಕೆ ಒಂದರಂತೆ ಇವೆ, ಅಡುಗೆ ಎಣ್ಣೆಗಳಲ್ಲಿ ಇಂಥ ಹದ ಅಪರೂಪ. ಎಣ್ಣೆ ಬೇಗ ಕಮಟುತ್ತದೆ, ಕರಿಯಲು ಬಾರದು. ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರ್‌ನಲ್ಲಿ ಹೆಂಪ್ ಬೀಜ, ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿತು. ಕುಮಾವೂಂನ ಅಜ್ಜಿಯರು ಆ ಒಪ್ಪಿಗೆಗೆ ಕಾದಿರಲಿಲ್ಲ. ಗಢವಾಲ್‌ನಲ್ಲಿ ಇದರ ನಾರಿನಿಂದ ನೇಯ್ದ ಒರಟು ಬಟ್ಟೆಗೆ ಭಂಗೇಲಾ ಎನ್ನುತ್ತಾರೆ. ಕಾಡುಹಂದಿ, ಮಂಗಗಳ ಕಾಟಕ್ಕೆ ಬೇಸತ್ತು ಹೊಲ ಬೀಳುಬಿಟ್ಟು ಊರು ಬಿಡುವವರ ಆ ಸೀಮೆಯಲ್ಲಿ, ಅವು ಮುಟ್ಟದ ಬೆಳೆ ಇದೊಂದೇ ಎಂದು ರೈತರು ಹೇಳುತ್ತಾರೆ.

ಇಟಲಿಯ ತಾರಾಂತೊ ನಗರದ್ದು ಇನ್ನೊಂದು ಬಗೆಯ ಉಪಯೋಗ. ಅಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆಯ ಬಳಿ ತಲೆಮಾರಿನಿಂದ ಕುರಿ ಸಾಕಿಕೊಂಡಿದ್ದ ಒಂದು ಕುಟುಂಬದ 600ರಷ್ಟು ಕುರಿಗಳ ಮೈಯಲ್ಲಿ ಡಯಾಕ್ಸಿನ್ ಎಂಬ ವಿಷ ಸಿಕ್ಕಿತು. 2008ರಲ್ಲಿ ಸರ್ಕಾರ ಅಷ್ಟನ್ನೂ ಕೊಲ್ಲಿಸಿತು. ಮೇಯಿಸುವುದೇ ನಿಷೇಧವಾದ ಆ ನೆಲದಲ್ಲಿ ಆ ಮನೆಯವರು ಕೆಲವು ವರ್ಷಗಳ ನಂತರ ಹೆಂಪ್ ಬಿತ್ತಿದರು, ಬೇರು ಮಣ್ಣಿನ ವಿಷವನ್ನು ಮೆಲ್ಲಗೆ ಎಳೆದುಕೊಳ್ಳಲಿ ಎಂದು. ಚೆರ್ನೋಬಿಲ್ ದುರಂತದ ನಂತರ ಉಕ್ರೇನಿನಲ್ಲೂ 1998ರ ಸುಮಾರಿಗೆ ಇಂಥ ಪ್ರಯೋಗ ನಡೆದಿತ್ತು. ಭಾರಲೋಹ ಹೀರುವ ಶಕ್ತಿ ಈ ಗಿಡಕ್ಕೆ ಇದೆ, ಆದರೆ ನೆಲ ಶುದ್ಧವಾಗಲು ವರ್ಷಗಟ್ಟಲೆ ಬೇಕು. ಅಲ್ಲಿ ಬೆಳೆದದ್ದರ ಬೀಜವನ್ನು ತಿನ್ನುವಂತಿಲ್ಲ, ನಾರನ್ನು ಕಟ್ಟಡಕ್ಕಷ್ಟೇ ಬಳಸಬೇಕು. ಹೀರುವ ಗುಣವನ್ನು ಹೊಗಳುವವರು ಇದನ್ನೂ ಜೊತೆಗೇ ಹೇಳಬೇಕು. ಕೊಳಚೆ ನೀರಿನ ಪಕ್ಕ ಬೆಳೆದ ಸೊಪ್ಪನ್ನು ನಾವು ಕೊಳ್ಳುತ್ತೇವೆಯೇ?

ಇಷ್ಟೆಲ್ಲ ಇದ್ದೂ ಏಕೆ ಬೆಳೆಯುತ್ತಿಲ್ಲ ಎಂದರೆ ಎಲ್ಲರೂ ಕಾನೂನಿನ ಕಡೆ ಬೆರಳು ತೋರಿಸುತ್ತಾರೆ. ಕಾನೂನಿನ ಪುಸ್ತಕ ತೆರೆದರೆ ಬೇರೆಯೇ ಕಾಣುತ್ತದೆ. ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದವೇ ನಾರು ಮತ್ತು ಬೀಜಕ್ಕಾಗಿ ಬೆಳೆಯುವ ಹೆಂಪನ್ನು ಹೊರಗಿಟ್ಟಿದೆ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ ನಾರು, ಬೀಜ, ತೋಟಗಾರಿಕೆಗೆಂದು ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. ಆ ದಾರಿ ಹಿಡಿದು 2018ರಲ್ಲಿ ದೇಶದಲ್ಲೇ ಮೊದಲು ಪರವಾನಗಿ ಕೊಟ್ಟದ್ದು ಉತ್ತರಾಖಂಡ. ಹಿಮಾಚಲದ ವಿಧಾನಸಭೆ 2024ರಲ್ಲಿ ನಿರ್ಣಯ ಮಾಡಿತು, 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಬೇಸಾಯಕ್ಕೆ ಸಂಪುಟ ಒಪ್ಪಿತು. ಓದುವ ರೈತರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಪರವಾನಗಿ ಇಲ್ಲದೆ ಒಂದೇ ಒಂದು ಗಿಡ ಬೆಳೆಸಿದರೂ ಅದು ಅಪರಾಧ. ಬೀಜ ಕೊಟ್ಟು, ಬೆಳೆ ನಾವೇ ಕೊಳ್ಳುತ್ತೇವೆ ಎಂದು ಯಾರೇ ಬಂದರೂ ಸರ್ಕಾರದ ಕಾಗದ ಕೇಳಿ.

ಹಾಗಾದರೆ ಅಡ್ಡಿ ಎಲ್ಲಿದೆ? ಒಂದು, ಗಿರಣಿಯಲ್ಲಿ. ಹೆಂಪ್ ದಂಟು ಹಗುರ, ಆದರೆ ಗಾತ್ರ ದೊಡ್ಡದು. ಲಾರಿ ತುಂಬುತ್ತದೆ, ತೂಕ ತುಂಬುವುದಿಲ್ಲ. ಬಹಳ ದೂರ ಸಾಗಿಸಿದರೆ ಬಾಡಿಗೆಯಲ್ಲೇ ಲಾಭ ಕರಗಿಹೋಗುತ್ತದೆ. ಫ್ರಾನ್ಸ್ ಈ ಬೆಳೆಯನ್ನು ಎಂದೂ ಪೂರ್ತಿ ಕೈಬಿಡಲಿಲ್ಲ, ಇಂದಿಗೂ ಯುರೋಪಿನಲ್ಲಿ ಮುಂದಿದೆ. ಅದರ ಗುಟ್ಟು ಓಬ್ ಜಿಲ್ಲೆಯಂಥ ಕಡೆ 1973ರಿಂದ ನಡೆದುಬಂದ ರೈತರ ಸಹಕಾರ ಸಂಘದಲ್ಲಿದೆ. ಹೊಲಗಳ ನಡುವೆಯೇ ಸುಲಿಯುವ ಗಿರಣಿ, ಗಿರಣಿಯ ಒಡೆಯರು ಬೆಳೆಗಾರರೇ. ಮಂಡ್ಯದ ಕಬ್ಬಿಗೂ ಸಕ್ಕರೆ ಕಾರ್ಖಾನೆಗೂ ಇರುವ ಸಂಬಂಧ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯ ಮಹತ್ವಕ್ಕೆ ಅಮೆರಿಕವೂ ಸಾಕ್ಷಿ. ಅದು 1937ರಲ್ಲಿ ತೆರಿಗೆ ಹೇರಿ ಹೆಂಪನ್ನು ಮೂಲೆಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಫಿಲಿಪ್ಪೀನ್ಸನ್ನು ಹಿಡಿದು ಮನಿಲಾ ನಾರು ನಿಂತುಹೋದಾಗ, 1942ರಲ್ಲಿ ಅದೇ ಅಮೆರಿಕ ಸರ್ಕಾರದ ಕೃಷಿ ಇಲಾಖೆ 'ಹೆಂಪ್ ಫಾರ್ ವಿಕ್ಟರಿ' ಎಂಬ ಚಿತ್ರ ಮಾಡಿ ರೈತರನ್ನು ಕರೆಯಿತು. ಬೀಜ ಹಂಚುವುದರ ಜೊತೆಯಲ್ಲೇ ಹತ್ತಾರು ಗಿರಣಿಗಳನ್ನೂ ಕಟ್ಟಿಸಿತು. ಯುದ್ಧ ಮುಗಿದು ಗಿರಣಿ ಮುಚ್ಚಿದವು, ಬೆಳೆಯೂ ಹೋಯಿತು.

ಇನ್ನೊಂದು ಅಡ್ಡಿ ನಮ್ಮ ಆಕಾಶದಲ್ಲಿದೆ. ಹೆಂಪ್ ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ. ಹಗಲು ಸುಮಾರು 14 ಗಂಟೆಗಿಂತ ಕಡಿಮೆಯಾಯಿತೆಂದರೆ ಎತ್ತರ ಬೆಳೆಯುವುದನ್ನು ನಿಲ್ಲಿಸಿ ಹೂವಿಗೆ ಹೊರಳುತ್ತದೆ. ಉತ್ತರ ಫ್ರಾನ್ಸಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ. ಧಾರವಾಡದಲ್ಲಿ ವರ್ಷದ ಅತಿ ಉದ್ದನೆಯ ಹಗಲು 13 ಗಂಟೆ. ಅಲ್ಲಿಯ ತಳಿ ತಂದು ಇಲ್ಲಿ ಬಿತ್ತಿದರೆ ಸೊಂಟದೆತ್ತರ ಬರುವಷ್ಟರಲ್ಲಿ ಹೂ ಬಿಟ್ಟು ಮುದಿಯಾಗುತ್ತದೆ, ನಾರು ಎಲ್ಲಿಂದ ಬರಬೇಕು? ಹಿಮಾಲಯದ ತಳಿಗಳು ಚೆನ್ನಾಗಿ ಬೆಳೆದಾವು, ಆದರೆ ಅವುಗಳಲ್ಲಿ ಬಹುಪಾಲು ಶೇ 0.3ರ ಗೆರೆ ದಾಟುತ್ತವೆ. ಉತ್ತರಾಖಂಡದ ಕೆಲಸ ಕುಂಟುತ್ತಿರುವುದಕ್ಕೆ ಇದೇ ದೊಡ್ಡ ಕಾರಣ. ದಕ್ಷಿಣದ ಹಗಲಿಗೆ ಹೊಂದುವ, ನಶೆಯಿಲ್ಲದ ತಳಿ ಸಿದ್ಧವಾಗಬೇಕು. ಅದು ಕೃಷಿ ವಿಶ್ವವಿದ್ಯಾಲಯದ ಬೇಲಿಯೊಳಗೆ, ಸರ್ಕಾರದ ಕಣ್ಣಳತೆಯಲ್ಲಿ, ಹಲವು ವರ್ಷ ನಡೆಯಬೇಕಾದ ಕೆಲಸ. ಅದನ್ನು ಈಗಲೇ ಶುರುಮಾಡಬೇಕೆಂದು ನನ್ನ ಒತ್ತಾಯ.

ಅಲ್ಲಿಯವರೆಗೆ? ಅಜ್ಜನ ಪುಂಡಿ ಇದೆಯಲ್ಲ. ಅದರ ಶಾಸ್ತ್ರೀಯ ಹೆಸರಿನಲ್ಲೇ ಕ್ಯಾನಬಿನಸ್ ಎಂದಿದೆ, ಎಲೆಯ ಹೋಲಿಕೆಗೆ. ಸಿಪ್ಪೆಯಲ್ಲಿ ನಾರು, ಒಳಗೆ ಹಗುರ ಬೆಂಡು, ನಾಲ್ಕು ತಿಂಗಳ ಬೆಳೆ, ಇಂಗಾಲದ ಲೆಕ್ಕವೂ ಬೇರೆಯಲ್ಲ. ಪರವಾನಗಿ ಬೇಡ, ಪೊಲೀಸರ ಹೆದರಿಕೆ ಇಲ್ಲ, ನಮ್ಮ ಹಗಲು ಅದಕ್ಕೆ ಒಗ್ಗಿದೆ. ಬಿಎಂಡಬ್ಲ್ಯು ಕಂಪನಿ 2013ರಲ್ಲಿ ಹೊರತಂದ ಐ3 ಎಂಬ ವಿದ್ಯುತ್ ಕಾರಿನ ಬಾಗಿಲಿನ ಒಳಹಲಗೆಗಳಲ್ಲಿ ಇದ್ದದ್ದು ಇದೇ ಜಾತಿಯ ನಾರು. ಅಪ್ಸೆಣಬಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಬೇಳೆಕಾಳಿನ ಕುಲದ್ದಾದ್ದರಿಂದ ಹೆಂಪ್ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ, ಗಾಳಿಯ ಸಾರಜನಕವನ್ನು ನೆಲಕ್ಕೆ ಇಳಿಸುತ್ತದೆ. ಬಂಗಾಳದ ಸೆಣಬು ಬಂದು ಮಾರುಕಟ್ಟೆ ತುಂಬುವ ಮುಂಚೆ ಮೈಸೂರು ಸೀಮೆಯಲ್ಲಿ ಗೋಣಿಗಳನ್ನು ನೇಯುತ್ತಿದ್ದದ್ದು ಅದರ ನಾರಿನಲ್ಲೇ. ಹನ್ನೆರಡನೇ ಶತಮಾನದಲ್ಲಿ ಹುಲ್ಲಿನಿಂದ ಹಗ್ಗ ಹೊಸೆದು ಮಾರುವುದನ್ನೇ ಕಾಯಕ ಮಾಡಿಕೊಂಡ ನುಲಿಯ ಚಂದಯ್ಯನನ್ನು ಶರಣನೆಂದು ಕೊಂಡಾಡಿದ ನಾಡು ಇದು. ಸುಲಿಯುವ ಒಂದು ಸಣ್ಣ ಯಂತ್ರ, ಮಡು ಕೆಡಿಸದೆ ಕೊಳೆಸಲು ಒಂದು ತೊಟ್ಟಿ, ಬೆಂಡು ಕೊಳ್ಳುವ ಒಬ್ಬ ಮನೆ ಕಟ್ಟುವವನು ಇಷ್ಟು ಸಿಕ್ಕರೆ ಪುಂಡಿಯ ಮೇಲೆ ಕಲಿತದ್ದೇ ಮುಂದೆ ಹೆಂಪ್ ಬಂದ ದಿನಕ್ಕೂ ಒದಗುತ್ತದೆ.

ಕಳೆದ ವರ್ಷ ಊರಿಗೆ ಹೋದಾಗ ಆ ಹಳ್ಳದ ದಂಡೆಗೆ ಹೋಗಿದ್ದೆ. ನೀರು ಕಡಿಮೆಯಾಗಿದೆ, ನಾತ ಇಲ್ಲ. ದನದ ಕೊಟ್ಟಿಗೆಯಲ್ಲಿ ಎತ್ತಿನ ಕೊರಳಿಗೆ ನೀಲಿ ಪ್ಲಾಸ್ಟಿಕ್ ಹಗ್ಗ. ಉಜ್ಜಿ ಉಜ್ಜಿ ಅಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು. "ಪುಂಡಿ ಹಗ್ಗ ಇಲ್ಲೇನೋ?" ಎಂದು ತಮ್ಮನನ್ನು ಕೇಳಿದೆ. "ಹೊಸಿಯಾವ್ರು ಯಾರದಾರಣ್ಣಾ" ಅಂದ. ಹೊಲದ ಅಂಚಿನಲ್ಲಿ ಮಾತ್ರ ಪುಂಡಿ ನಿಂತಿತ್ತು, ಪಲ್ಲೆಗೆಂದು ತುದಿ ಚಿವುಟಿಸಿಕೊಂಡು, ಮತ್ತೆ ಚಿಗುರಿ.